ನೀಲಿ ಹಕ್ಕಿ ಯಾರದು? – ಒಂದು ವೇಗದ ದೋಣಿಯ ಒಡೆತನದ ಇತಿಹಾಸ

ಇತಿಹಾಸವೆಂದರೆ ಅರಸರ ವಂಶಾವಳಿ, ಶಾಸನ, ದೇಗುಲ ಮತ್ತು ಯುದ್ಧಗಳ ವೃತ್ತಾಂತ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. ಆದರೆ ವಸ್ತುಗಳಿಗೂ ಒಂದು ಜೀವನಚರಿತ್ರೆ ಉಂಟು. ಒಂದು ಕತ್ತಿ, ಒಂದು ಓಲೆಗರಿಯ ಕಟ್ಟು, ಒಂದು ತೇರು ಯಾರ ಕೈಯಲ್ಲಿ ಹುಟ್ಟಿತು, ಯಾರ ಕೈಗೆ ದಾಟಿತು, ಯಾವಾಗ ಮೂಲೆಗುಂಪಾಯಿತು, ಯಾರು ಅದನ್ನು ಮತ್ತೆ ಬೆಳಕಿಗೆ ತಂದರು ಎಂಬುದನ್ನು ಅರಸುತ್ತ ಹೋದರೆ ಮನುಷ್ಯರ ಆಸೆ, ಛಲ, ದುಃಖ, ಔದಾರ್ಯ ಮತ್ತು ಕಲಹಗಳೆಲ್ಲ ಅಲ್ಲಿ ಕಾಣಸಿಗುತ್ತವೆ. ಅಂತಹ ಒಂದು ವಸ್ತುವಿನ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆ ವಸ್ತು ನಮ್ಮ ನಾಡಿನದಲ್ಲ. ಇಂಗ್ಲೆಂಡಿನ ವಾಯವ್ಯ ಭಾಗದ ಸರೋವರ ಸೀಮೆಯದು. ಹೆಸರು ಬ್ಲೂಬರ್ಡ್ ಕೆ7. ಅದೊಂದು ಜೆಟ್ ಎಂಜಿನ್ನಿನ ಹೈಡ್ರೋಪ್ಲೇನ್ ದೋಣಿ. 1955ರಿಂದ 1964ರವರೆಗೆ ನೀರಿನ ಮೇಲಿನ ವೇಗದ ವಿಶ್ವದಾಖಲೆಯನ್ನು ಏಳು ಸಲ ಮುರಿದ ಈ ದೋಣಿ, 1967ರಲ್ಲಿ ತನ್ನ ಒಡೆಯನೊಡನೆ ಸರೋವರದ ತಳ ಸೇರಿತು. 34 ವರ್ಷಗಳ ಬಳಿಕ ಮೇಲೆದ್ದು ಬಂದಾಗ ಅದರ ಸುತ್ತ ಒಂದು ಹಳೆಯ ಪ್ರಶ್ನೆಯೂ ಎದ್ದಿತು: ಒಂದು ವಸ್ತುವಿನ ನಿಜವಾದ ಒಡೆಯ ಯಾರು?

ನೀರಿನ ಮೇಲೆ ಜಾರುವ ವಿದ್ಯೆ

ಮೊದಲು ಹೈಡ್ರೋಪ್ಲೇನ್ ಎಂದರೇನೆಂಬುದನ್ನು ತಿಳಿಯಬೇಕು. ಸಾಮಾನ್ಯ ದೋಣಿ ತನ್ನ ಭಾರಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಮುಂದೆ ಸಾಗುವಾಗ ಆ ನೀರನ್ನು ಸೀಳಿಕೊಂಡೇ ಹೋಗಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ವೇಗ ಹೆಚ್ಚಿದಂತೆಲ್ಲ ಅದರ ತಡೆಯೂ ಅಪಾರವಾಗಿ ಹೆಚ್ಚುತ್ತದೆ. ಹೈಡ್ರೋಪ್ಲೇನ್ ಈ ತೊಡಕಿನಿಂದ ಪಾರಾಗುವುದು ಬೇರೊಂದು ಉಪಾಯದಿಂದ. ಕೆರೆಯ ದಂಡೆಯಲ್ಲಿ ನಿಂತ ಹುಡುಗರು ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದಾಗ ಅದು ಮುಳುಗದೆ ನೀರಿನ ಮೇಲೆ ಪುಟಿಯುತ್ತ ಸಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಸಾಕಷ್ಟು ವೇಗ ದೊರೆತಾಗ ಹೈಡ್ರೋಪ್ಲೇನಿನ ತಳವೂ ಹಾಗೆಯೇ ಮೇಲೇಳುತ್ತದೆ. ಮುಂಭಾಗದ ಎರಡು ಪಕ್ಕಗಳಲ್ಲಿ ಚಾಚಿಕೊಂಡ ಸ್ಪಾನ್ಸನ್ ಎಂಬ ತೇಲುಭಾಗಗಳು ಮತ್ತು ಹಿಂಬದಿಯ ತಳದ ಒಂದು ಅಂಚು, ಹೀಗೆ ಮೂರೇ ಮೂರು ಕಡೆ ನೀರನ್ನು ಸೋಕಿಕೊಂಡು ದೋಣಿ ಓಡುತ್ತದೆ.

ಈ ಉಪಾಯದಲ್ಲಿಯೇ ಅಪಾಯವೂ ಅಡಗಿದೆ. ಮೂತಿ ಕೊಂಚ ಹೆಚ್ಚು ಮೇಲೆದ್ದರೆ ತಳದಡಿಗೆ ನುಗ್ಗಿದ ಗಾಳಿ ದೋಣಿಯನ್ನು ಎತ್ತಿ ಹಿಂದಕ್ಕೆ ಮಗುಚಿಬಿಡುತ್ತದೆ. ದಾಖಲೆಯ ನಿಯಮವೂ ಸುಲಭದ್ದಲ್ಲ. ಅಳೆದು ಗುರುತಿಸಿದ ಒಂದು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಎರಡೂ ದಿಕ್ಕುಗಳಿಂದ ಓಡಬೇಕು. ಎರಡೂ ಓಟಗಳ ಸರಾಸರಿಯೇ ದಾಖಲೆ. ಹೋದ ದಾರಿಯಲ್ಲಿ ಮರಳಿ ಬಾರದವನಿಗೆ ದಾಖಲೆಯಿಲ್ಲ.

ಈ ಸ್ಪರ್ಧೆ ಬಲಿಗಳನ್ನೂ ಬೇಡಿತು. ಇಂಗ್ಲೆಂಡಿನ ಹೆನ್ರಿ ಸೀಗ್ರೇವ್ 1930ರಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ಮಡಿದರು. ಜಾನ್ ಕಾಬ್ 1952ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್‌ನಲ್ಲಿ ತಮ್ಮ ಜೆಟ್ ದೋಣಿ ಚೂರಾಗಿ ಪ್ರಾಣ ಕಳೆದುಕೊಂಡರು. ಕೆ7ರ ಒಡೆಯನಿಗೆ ಇವೆಲ್ಲ ತಿಳಿದೇ ಇದ್ದ ಸಂಗತಿಗಳು.

ತಂದೆಯ ಹೆಸರು, ಮಗನ ಕ್ರಯ

ಕೆ7ರ ಕಥೆ ಅದು ಹುಟ್ಟುವ ಮುನ್ನವೇ ಆರಂಭವಾಗುತ್ತದೆ. ಮಾಲ್ಕಮ್ ಕ್ಯಾಂಪ್‌ಬೆಲ್ ಎಂಬ ಆಂಗ್ಲ ವೇಗವೀರ, ಬೆಲ್ಜಿಯಂನ ನಾಟಕಕಾರ ಮೌರಿಸ್ ಮೇಟರ್‌ಲಿಂಕನ ‘ನೀಲಿ ಹಕ್ಕಿ’ ನಾಟಕವನ್ನು ನೋಡಿ ಮೆಚ್ಚಿ, ತನ್ನ ಪಂದ್ಯದ ಕಾರಿಗೆ ನೀಲಿ ಬಣ್ಣ ಬಳಿಸಿ ಅದೇ ಹೆಸರಿಟ್ಟ. ಸುಖದ ಸಂಕೇತವಾದ ನೀಲಿ ಹಕ್ಕಿಯನ್ನು ಇಬ್ಬರು ಮಕ್ಕಳು ಲೋಕವೆಲ್ಲ ಅರಸಿ, ಕೊನೆಗೆ ತಮ್ಮ ಮನೆಯಲ್ಲಿಯೇ ಕಾಣುವುದು ಆ ನಾಟಕದ ವಸ್ತು. ಮುಂದೆ ಮಾಲ್ಕಮ್‌ನ ಎಲ್ಲ ಕಾರು, ದೋಣಿಗಳಿಗೂ ಆ ಹೆಸರೇ ನಿಂತಿತು. ನೆಲದ ಮೇಲಿನ ದಾಖಲೆಗಳನ್ನು ಮುಗಿಸಿ ಆತ ನೀರಿಗಿಳಿದ. ಕೆ3 ಎಂಬ ದೋಣಿಯಿಂದ 1937 ಮತ್ತು 1938ರಲ್ಲಿಯೂ, ಕೆ4 ಎಂಬ ದೋಣಿಯಿಂದ 1939ರ ಆಗಸ್ಟ್ 19ರಂದು ಕಾನಿಸ್ಟನ್ ಸರೋವರದಲ್ಲಿಯೂ ದಾಖಲೆ ಸ್ಥಾಪಿಸಿದ. ಆ ದಿನದ ವೇಗ ಗಂಟೆಗೆ 141.74 ಮೈಲಿ. ಎರಡು ವಾರಗಳಲ್ಲಿ ಮಹಾಯುದ್ಧ ಆರಂಭವಾಯಿತು. ‘ಕೆ’ ಎಂಬುದು ಮಿತಿಯಿಲ್ಲದ ವರ್ಗದ ದೋಣಿಗಳಿಗೆ ಲಾಯ್ಡ್ಸ್ ಸಂಸ್ಥೆ ನೀಡುತ್ತಿದ್ದ ನೋಂದಣಿಯ ಗುರುತು.

ಮಾಲ್ಕಮ್ 1948ರ ಡಿಸೆಂಬರ್ 31ರಂದು ತೀರಿಕೊಂಡ. ತಂದೆಯ ದೋಣಿ ಮಗನಿಗೆ ಸಹಜವಾಗಿ ಬರಬೇಕಷ್ಟೆ ಎಂದು ನಾವು ಎಣಿಸುತ್ತೇವೆ. ಹಾಗಾಗಲಿಲ್ಲ. ಮಗ ಡೊನಾಲ್ಡ್ ಕೆ4ನ್ನು ತಂದೆಯ ಆಸ್ತಿಯಿಂದ ಹಣ ಕೊಟ್ಟು ಕೊಳ್ಳಬೇಕಾಯಿತು. ಪಿತ್ರಾರ್ಜಿತವಾಗಿ ಬಂದದ್ದು ಹೆಸರು ಮಾತ್ರ. ದೋಣಿ ಕ್ರಯಕ್ಕೆ ಬಂದದ್ದು. ಅದರ ಜೊತೆಗೆ ಹಣದಿಂದ ಕೊಳ್ಳಲಾಗದ ಒಂದು ಆಸ್ತಿಯೂ ಡೊನಾಲ್ಡನಿಗೆ ದೊರೆಯಿತು. ಆತನೇ ಲಿಯೊ ವಿಲ್ಲಾ. ತಂದೆಯ ಬಳಿ ದಶಕಗಳ ಕಾಲ ಮುಖ್ಯ ಮೆಕ್ಯಾನಿಕ್ ಆಗಿ ದುಡಿದ ಈತ, ಮಗನ ಬೆನ್ನಿಗೂ ಕೊನೆಯ ದಿನದವರೆಗೆ ನಿಂತ. ಬ್ಲೂಬರ್ಡ್‌ಗಳ ಒಡೆತನದ ಪತ್ರಗಳಲ್ಲಿ ವಿಲ್ಲಾನ ಹೆಸರಿಲ್ಲ. ಆದರೆ ಅವುಗಳ ಒಂದೊಂದು ತಿರುಪನ್ನೂ ಕೈಯಾರೆ ಬಲ್ಲವನು ಅವನೊಬ್ಬನೇ.

ತಂದೆಯ ದಾಖಲೆಯನ್ನು ಕಾಯ್ದುಕೊಳ್ಳುವುದು ಡೊನಾಲ್ಡನ ಮೊದಲ ಆಸೆಯಾಗಿತ್ತು. ಆದರೆ 1950ರ ಜೂನ್ 26ರಂದು ಅಮೆರಿಕದ ಸಿಯಾಟಲ್ ನಗರದ ಸ್ಟ್ಯಾನ್ ಸೇಯರ್ಸ್, ‘ಸ್ಲೋ ಮೋ ಷನ್ 4’ ಎಂಬ ದೋಣಿಯಲ್ಲಿ ಗಂಟೆಗೆ 160.32 ಮೈಲಿ ಓಡಿಸಿ ಆ ದಾಖಲೆಯನ್ನು ಅಳಿಸಿಹಾಕಿದ. ಹಳೆಯ ಕೆ4ನ್ನೇ ತಿದ್ದಿ ತೀಡಿ ಡೊನಾಲ್ಡ್ ಮತ್ತೆ ಮತ್ತೆ ಯತ್ನಿಸಿದ. 1951ರಲ್ಲಿ ಇಟಲಿಯ ಗಾರ್ಡಾ ಸರೋವರದಲ್ಲಿ ಒಂದು ಪಂದ್ಯವನ್ನೂ ಗೆದ್ದ. ಅದೇ ವರ್ಷ ಕಾನಿಸ್ಟನ್‌ನಲ್ಲಿ ಗಂಟೆಗೆ 170 ಮೈಲಿಯ ಆಸುಪಾಸಿನ ವೇಗದಲ್ಲಿದ್ದಾಗ ಕೆ4 ಒಡೆದು ಹೋಯಿತು. ಡೊನಾಲ್ಡನೂ ವಿಲ್ಲಾನೂ ಬದುಕಿ ಉಳಿದರು. ತಂದೆಯಿಂದ ಕೊಂಡ ದೋಣಿ ಉಳಿಯಲಿಲ್ಲ.

ಏಳು ದಾಖಲೆಗಳ ದೋಣಿ

ಹೊಸ ದೋಣಿಯನ್ನು ಕೆನ್ ಮತ್ತು ಲ್ಯೂ ನಾರಿಸ್ ಎಂಬ ಸಹೋದರರು ರೂಪಿಸಿದರು. ಸ್ಯಾಮ್ಲ್ಸ್‌ಬರಿ ಎಂಜಿನಿಯರಿಂಗ್ ಸಂಸ್ಥೆ ಕಟ್ಟಿಕೊಟ್ಟಿತು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಹಂದರ, ಅದರ ಮೇಲೆ ಅಲ್ಯೂಮಿನಿಯಂ ಮಿಶ್ರಲೋಹದ ಹೊದಿಕೆ, ಒಳಗೆ ಮೆಟ್ರೊಪಾಲಿಟನ್ ವಿಕರ್ಸ್ ಕಂಪನಿಯ ಬೆರಿಲ್ ಎಂಬ ಜೆಟ್ ಎಂಜಿನ್. ಉದ್ದ ಸುಮಾರು 26 ಅಡಿ, ತೂಕ ಸುಮಾರು ಎರಡೂವರೆ ಟನ್. ಈ ದೋಣಿಗೆ ನೀರಿನೊಳಗೆ ತಿರುಗುವ ಪ್ರೊಪೆಲರ್ ಇರಲಿಲ್ಲ. ವಿಮಾನದಂತೆ ಬಿಸಿಗಾಳಿಯನ್ನು ಹಿಂದಕ್ಕೆ ಚಿಮ್ಮಿಸಿಯೇ ಅದು ಮುಂದಕ್ಕೆ ಓಡುತ್ತಿತ್ತು.

1955ರ ಆರಂಭದಲ್ಲಿ ಅಲ್ಸ್‌ವಾಟರ್ ಸರೋವರಕ್ಕಿಳಿಸಿದಾಗ ದೋಣಿ ಸರಿಯಾಗಿ ಮೇಲೇಳಲೇ ಇಲ್ಲ. ಮುಂಭಾಗದ ಸ್ಪಾನ್ಸನ್‌ಗಳ ಜೋಡಣೆಯನ್ನು ಬದಲಿಸಿ ಮತ್ತೆ ಪರೀಕ್ಷಿಸಿದರು. ಜುಲೈ 23ರಂದು ಗಂಟೆಗೆ 202.32 ಮೈಲಿ, ಅಂದರೆ ಸುಮಾರು 325 ಕಿಲೋಮೀಟರ್ ವೇಗದಲ್ಲಿ ಓಡಿ ಅದು ದಾಖಲೆ ಬರೆಯಿತು. 200 ಮೈಲಿಯ ಗಡಿ ದಾಟಿದ ಮೊದಲ ವಿಶ್ವದಾಖಲೆ ಅದು. ಅದೇ ವರ್ಷ ಅಮೆರಿಕದ ಲೇಕ್ ಮೀಡ್‌ಗೆ ದೋಣಿಯನ್ನು ಒಯ್ದಾಗ, ನೋಡಲು ಬಂದವರ ದೋಣಿಗಳೆಬ್ಬಿಸಿದ ಅಲೆಗೆ ಸಿಕ್ಕಿ ಅದು ಒಮ್ಮೆ ಮುಳುಗಿಯೇ ಹೋಯಿತು. ಎತ್ತಿ, ಒಣಗಿಸಿ, ರಿಪೇರಿ ಮಾಡಿ ನವೆಂಬರ್ 16ರಂದು ಗಂಟೆಗೆ 216.20 ಮೈಲಿಯ ಎರಡನೆಯ ದಾಖಲೆ ಮಾಡಿದರು. ಬಳಿಕ ಕಾನಿಸ್ಟನ್ ಸರೋವರವೇ ಕೆ7ರ ಮನೆಯಾಯಿತು. 1956ರಲ್ಲಿ 225.63, 1957ರಲ್ಲಿ 239.07, 1958ರಲ್ಲಿ 248.62, 1959ರಲ್ಲಿ 260.35 ಮೈಲಿ. ವರ್ಷಕ್ಕೊಂದರಂತೆ ಮೆಟ್ಟಿಲು ಹತ್ತಿದ ಈ ಕ್ರಮಕ್ಕೆ ಒಂದು ಲೌಕಿಕ ಕಾರಣವೂ ಉಂಟು. ಬಿಲ್ಲಿ ಬಟ್ಲಿನ್ ಎಂಬ ಉದ್ಯಮಿ ದಾಖಲೆ ಮುರಿದ ಬ್ರಿಟಿಷರಿಗೆ ವರ್ಷಕ್ಕೆ 5,000 ಪೌಂಡುಗಳ ಬಹುಮಾನವಿಟ್ಟಿದ್ದ. ದೋಣಿಯೊಂದನ್ನು ಸಾಕುವುದೆಂದರೆ ಆನೆ ಸಾಕಿದಂತೆ. ಪ್ರತಿ ವರ್ಷವೂ ಅದರ ಹೊಟ್ಟೆ ತುಂಬಬೇಕು.

1964 ಡೊನಾಲ್ಡನ ಬದುಕಿನ ಶಿಖರ. ಆ ವರ್ಷದ ಜುಲೈ 17ರಂದು ಆಸ್ಟ್ರೇಲಿಯಾದ ಲೇಕ್ ಐರ್ ಎಂಬ ಒಣಗಿದ ಉಪ್ಪಿನ ಬಯಲಿನಲ್ಲಿ ತನ್ನ ಬ್ಲೂಬರ್ಡ್ ಕಾರಿನಿಂದ ನೆಲದ ಮೇಲೆ ಗಂಟೆಗೆ 403.1 ಮೈಲಿಯ ದಾಖಲೆ ಮಾಡಿದ. ನೀರಿನ ದಾಖಲೆಗಾಗಿ ಅದೇ ದೇಶದಲ್ಲಿ ಸರೋವರಗಳನ್ನು ಅರಸಿ, ಗಾಳಿ ನಿಲ್ಲುವುದನ್ನು ಕಾದ. ವರ್ಷದ ಕಟ್ಟಕಡೆಯ ದಿನ, ಡಿಸೆಂಬರ್ 31ರಂದು, ಪಶ್ಚಿಮ ಆಸ್ಟ್ರೇಲಿಯಾದ ಡಂಬಲ್‌ಯಂಗ್ ಸರೋವರದಲ್ಲಿ ಗಂಟೆಗೆ 276.33 ಮೈಲಿಯಲ್ಲಿ ಏಳನೆಯ ದಾಖಲೆ ಕೈಸೇರಿತು. ನೆಲ, ಜಲ ಎರಡರ ದಾಖಲೆಗಳನ್ನೂ ಒಂದೇ ವರ್ಷದಲ್ಲಿ ಮುರಿದವನು ಇಂದಿಗೂ ಅವನೊಬ್ಬನೇ. ತಂದೆ ತೀರಿಕೊಂಡು ಅಂದಿಗೆ ಸರಿಯಾಗಿ 16 ವರ್ಷ ತುಂಬಿತ್ತು.

ಬೆಂಗಳೂರಿಗೆ ಪರಿಚಿತವಾದ ಎಂಜಿನ್

300 ಮೈಲಿಯ ಗಡಿ ದಾಟಬೇಕೆಂಬ ಆಸೆಯಿಂದ ಡೊನಾಲ್ಡ್ 1966ರಲ್ಲಿ ಕೆ7ಕ್ಕೆ ಹೊಸ ಎಂಜಿನ್ ಹಾಕಿಸಿದ. ಅದು ಬ್ರಿಸ್ಟಲ್ ಸಿಡ್ಲಿ ಕಂಪನಿಯ ಆರ್ಫಿಯಸ್. ಸುಮಾರು 4,500 ಪೌಂಡುಗಳ ನೂಕುಬಲದ್ದು. ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನದ ಎಂಜಿನ್ ಅದು. ನ್ಯಾಟ್ ವಿಮಾನವೊಂದರ ಬಾಲದ ರೆಕ್ಕೆಯನ್ನೇ ದೋಣಿಯ ಹಿಂಬದಿಗೆ ಜೋಡಿಸಿದರು.

ಆರ್ಫಿಯಸ್ ಎಂಬ ಹೆಸರು ಕರ್ನಾಟಕಕ್ಕೆ ಅಪರಿಚಿತವಲ್ಲ. ಇದೇ ಎಂಜಿನ್ನನ್ನು ಪರವಾನಗಿಯ ಮೇಲೆ ತಯಾರಿಸಲೆಂದೇ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಇಂದಿನ ಎಚ್‌ಎಎಲ್, 1957ರಲ್ಲಿ ತನ್ನ ಎಂಜಿನ್ ವಿಭಾಗವನ್ನು ಆರಂಭಿಸಿತು. ಬೆಂಗಳೂರಿನಲ್ಲಿ ತಯಾರಾದ ನ್ಯಾಟ್‌ಗಳು ಮುಂದೆ ಭಾರತೀಯ ವಾಯುಪಡೆಯಲ್ಲಿ ಹೆಸರು ಮಾಡಿದವು. ಅಲ್ಲಿಯೇ ರೂಪುಗೊಂಡ ಮಾರುತ್ ಯುದ್ಧವಿಮಾನಕ್ಕೂ ಆರ್ಫಿಯಸ್ಸೇ ಎಂಜಿನ್. ಕಾನಿಸ್ಟನ್‌ನಲ್ಲಿ ವಿಲ್ಲಾ ಆರ್ಫಿಯಸ್ ಎಂಜಿನ್ನಿನ ಮುಂದೆ ಕುಳಿತಿದ್ದ ದಿನಗಳಲ್ಲಿ, ಬೆಂಗಳೂರಿನ ಕಾರ್ಖಾನೆಯಲ್ಲಿ ನಮ್ಮ ಕುಶಲಕರ್ಮಿಗಳು ಅದರ ಒಡಹುಟ್ಟುಗಳನ್ನು ಜೋಡಿಸುತ್ತಿದ್ದರು. ವಸ್ತುಗಳ ಚರಿತ್ರೆ ಹೀಗೆ ದೂರದ ಊರುಗಳ ನಡುವೆ ಎಳೆ ನೇಯುತ್ತದೆ.

1967ರ ಜನವರಿ 4

1966ರ ನವೆಂಬರ್‌ನಿಂದ ತಂಡ ಕಾನಿಸ್ಟನ್‌ನಲ್ಲಿ ಬೀಡುಬಿಟ್ಟಿತ್ತು. ಮೊದಲ ಪರೀಕ್ಷೆಗಳಲ್ಲಿ ಕಿತ್ತುಬಂದ ರಿವೆಟ್‌ಗಳನ್ನು ಎಳೆದುಕೊಂಡು ಎಂಜಿನ್ ಹಾಳಾಯಿತು. ಬೇರೆ ಎಂಜಿನ್ ಹಾಕಬೇಕಾಯಿತು. ಹವೆ ವಾರಗಟ್ಟಲೆ ಅನುಕೂಲಿಸಲಿಲ್ಲ. ಜನವರಿ 4ರ ಬೆಳಿಗ್ಗೆ ನೀರು ಕನ್ನಡಿಯಂತೆ ನಿಂತಿತ್ತು. ಒಂಬತ್ತು ಗಂಟೆಗೆ ಕೊಂಚ ಮುನ್ನ ನಡೆದ ಮೊದಲ ಓಟದ ವೇಗ ಗಂಟೆಗೆ 297.6 ಮೈಲಿ. ಮರುಓಟ ಇನ್ನು ಕೆಲವು ಮೈಲಿ ಹೆಚ್ಚು ವೇಗದ್ದಾಗಿದ್ದರೆ ಸರಾಸರಿ 300 ದಾಟುತ್ತಿತ್ತು. ಇಂಧನ ತುಂಬಿಸಿಕೊಳ್ಳದೆ, ಮೊದಲ ಓಟ ಎಬ್ಬಿಸಿದ ಅಲೆಗಳು ಅಡಗುವುದನ್ನೂ ಕಾಯದೆ ಡೊನಾಲ್ಡ್ ಕೂಡಲೇ ದೋಣಿ ತಿರುಗಿಸಿದ. ವೇಗ 328 ಮೈಲಿಯನ್ನು ಮುಟ್ಟಿತು. ದೋಣಿ ಅದುರತೊಡಗಿತು. ಮೂತಿ ಮೇಲೆದ್ದಿತು. ಕೆ7 ನೀರನ್ನು ಬಿಟ್ಟು ಗಾಳಿಗೇರಿ, ಹಿಂದಕ್ಕೆ ಮಗುಚಿ, ಸರೋವರಕ್ಕೆ ಅಪ್ಪಳಿಸಿ ಒಡೆದು ಮುಳುಗಿತು. ಡೊನಾಲ್ಡ್‌ಗೆ ಆಗ 45 ವರ್ಷ.

ಮೇಲೆ ತೇಲಿದ್ದು ಅವನು ಸದಾ ಜೊತೆಗಿಟ್ಟುಕೊಳ್ಳುತ್ತಿದ್ದ ‘ಮಿಸ್ಟರ್ ವಾಪಿಟ್’ ಎಂಬ ಪುಟ್ಟ ಗೊಂಬೆಕರಡಿ ಮತ್ತು ಕೆಲವು ಸಾಮಾನುಗಳು. ಮುಳುಗುಗಾರರು ದೋಣಿಯ ಅವಶೇಷವನ್ನು ಪತ್ತೆ ಮಾಡಿದರು. ಶವ ದೊರೆಯಲಿಲ್ಲ. ಹುಡುಕಾಟ ನಿಂತಿತು. ಮರುಓಟ ಮುಗಿಯಲಿಲ್ಲವಾದ್ದರಿಂದ ಅಂದಿನ ಯಾವ ವೇಗವೂ ದಾಖಲೆಯ ಪುಸ್ತಕ ಸೇರಲಿಲ್ಲ. ಕೆಲವೇ ತಿಂಗಳಲ್ಲಿ ಅಮೆರಿಕದ ಲೀ ಟೇಲರ್ 1964ರ ದಾಖಲೆಯನ್ನೂ ಮುರಿದ. ಆಸ್ಟ್ರೇಲಿಯಾದ ಕೆನ್ ವಾರ್ಬಿ ತನ್ನ ಮನೆಯ ಹಿತ್ತಲಲ್ಲಿ ಕಟ್ಟಿದ ದೋಣಿಯಿಂದ 1978ರಲ್ಲಿ ಸ್ಥಾಪಿಸಿದ 317.6 ಮೈಲಿಯ ದಾಖಲೆಯನ್ನು ಈವರೆಗೆ ಯಾರೂ ದಾಟಿಲ್ಲ.

ಸರೋವರದ ಒಡೆತನ

1967ರಿಂದ 2001ರವರೆಗೆ ಕೆ7ರ ಒಡೆಯರು ಯಾರು? ಕಾನೂನಿನ ಕಣ್ಣಿಗೆ ಡೊನಾಲ್ಡನ ಉತ್ತರಾಧಿಕಾರಿಗಳು. ಆದರೆ ಸುಮಾರು 150 ಅಡಿ ಆಳದ ಕೆಸರು, ಕತ್ತಲೆ ಮತ್ತು ತಣ್ಣೀರು ಅದನ್ನು ಕಾಯ್ದವು. ಊರಿನವರ ಪಾಲಿಗೆ ಅದೊಂದು ಸಮಾಧಿ. ಹಳ್ಳಿಯ ನಡುವಣ ಹಸುರಿನಲ್ಲಿ ಡೊನಾಲ್ಡ್ ಮತ್ತು ವಿಲ್ಲಾನ ನೆನಪಿಗೆ ಕಲ್ಲಿನ ಸ್ಮಾರಕವೊಂದನ್ನು ನಿಲ್ಲಿಸಿದರು. ಸರೋವರದ ನೀರನ್ನು ದಿನವೂ ನೋಡುವವರಿಗೆ ಅದರಡಿಯಲ್ಲಿ ಒಬ್ಬ ಮನುಷ್ಯ ಮಲಗಿದ್ದಾನೆಂಬ ಅರಿವು ಸದಾ ಇತ್ತು.

ಇಂಗ್ಲೆಂಡಿನ ಈಶಾನ್ಯ ಭಾಗದ ಮುಳುಗುಗಾರ ಬಿಲ್ ಸ್ಮಿತ್‌ಗೆ ಈ ದೋಣಿಯ ಮೇಲೆ ಮನಸ್ಸು ಹರಿದದ್ದು ಒಂದು ಹಾಡಿನಿಂದ. ಮ್ಯಾರಿಲಿಯನ್ ಎಂಬ ಸಂಗೀತ ತಂಡ ಡೊನಾಲ್ಡನನ್ನು ಕುರಿತು ಹಾಡಿದ ಗೀತೆಯನ್ನು ಕೇಳಿ ಅವರು 1996ರಲ್ಲಿ ಹುಡುಕಾಟ ಆರಂಭಿಸಿದರು. 2001ರ ಮಾರ್ಚ್ 8ರಂದು ಕೆ7ರ ಮುಖ್ಯ ದೇಹ ನೀರಿನಿಂದ ಮೇಲೆದ್ದಿತು. ಬಾಲದ ರೆಕ್ಕೆಯ ಮೇಲಿನ ಬಣ್ಣ ಇನ್ನೂ ಗುರುತಿಸುವಂತಿತ್ತು. ಮೇ 28ರಂದು ಡೊನಾಲ್ಡನ ಅವಶೇಷಗಳು ದೊರೆತವು. ಸೆಪ್ಟೆಂಬರ್ 12ರಂದು ಕಾನಿಸ್ಟನ್ ಹಳ್ಳಿಯ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆಯಿತು. ಮಡಿದವರನ್ನು ಮಣ್ಣುಮಾಡದೆ ಮನೆಯವರ ಸೂತಕ ಕಳೆಯದೆಂಬುದು ಎಲ್ಲ ದೇಶಗಳಿಗೂ ಸಲ್ಲುವ ಮಾತು. ಮಗಳು ಜೀನಾ ಕ್ಯಾಂಪ್‌ಬೆಲ್ ತಾವೂ ನೀರಿನ ಮೇಲೆ ಮಹಿಳೆಯರ ವೇಗದ ದಾಖಲೆ ಮಾಡಿದವರು. ತಂದೆಯನ್ನು ಬೀಳ್ಕೊಡಲು ಅವರು 34 ವರ್ಷ ಕಾಯಬೇಕಾಯಿತು.

ಕೊಟ್ಟವರು ಮತ್ತು ಕಟ್ಟಿದವರು

ಮೇಲೆ ಬಂದದ್ದು ಜಜ್ಜಿದ ಲೋಹದ ರಾಶಿ. ಚಾಲಕನ ಆಸನವಿದ್ದ ಮುಂಭಾಗ ಮುಖ್ಯ ದೇಹದಿಂದ ಬೇರ್ಪಟ್ಟಿತ್ತು, ಸ್ಪಾನ್ಸನ್‌ಗಳು ಕಳಚಿಹೋಗಿದ್ದವು. ಇದನ್ನು ಏನು ಮಾಡಬೇಕು? ಇದ್ದಂತೆಯೇ ಗಾಜಿನ ಹಿಂದೆ ಇಡಬೇಕೆ, ಅಥವಾ ಮತ್ತೆ ಓಡುವಂತೆ ಕಟ್ಟಬೇಕೆ? ಪರಂಪರೆಯ ಸಂರಕ್ಷಣೆಗೆ ಹಣ ಒದಗಿಸುವ ಬ್ರಿಟನ್ನಿನ ಸಾರ್ವಜನಿಕ ನಿಧಿ ಪುನರ್ನಿರ್ಮಾಣಕ್ಕೆ ನೆರವು ನೀಡಲು ಒಪ್ಪಲಿಲ್ಲ. ಹೊಸದಾಗಿ ಕಟ್ಟಿದರೆ ಹಳೆಯದರ ಸಾಕ್ಷ್ಯ ಅಳಿದುಹೋಗುತ್ತದೆಂಬುದು ಅಂತಹ ಸಂಸ್ಥೆಗಳ ನಿಲುವು. ಕುಟುಂಬಕ್ಕೂ ಸ್ಮಿತ್ ಅವರಿಗೂ ಅದು ಒಪ್ಪಿಗೆಯಾಗಲಿಲ್ಲ. ಸಾವಿನ ಕ್ಷಣದಲ್ಲಿ ಹೆಪ್ಪುಗಟ್ಟಿದ ದೋಣಿಗಿಂತ ಏಳು ದಾಖಲೆಗಳ ದೋಣಿಯನ್ನು ಜನ ನೋಡಲಿ ಎಂಬುದು ಅವರ ಇಚ್ಛೆ.

2006ರ ಡಿಸೆಂಬರ್‌ನಲ್ಲಿ ಕ್ಯಾಂಪ್‌ಬೆಲ್ ಕುಟುಂಬದ ನ್ಯಾಸವು ಕೆ7ನ್ನು ಕಾನಿಸ್ಟನ್‌ನ ರಸ್ಕಿನ್ ಮ್ಯೂಸಿಯಂಗೆ ದಾನವಾಗಿ ಕೊಟ್ಟಿತು. ಮ್ಯೂಸಿಯಂ ಅದಕ್ಕಾಗಿ ಹೊಸ ಕಟ್ಟಡವನ್ನೇ ಸಿದ್ಧಪಡಿಸಿತು. ಪುನರ್ನಿರ್ಮಾಣದ ಹೊಣೆ ಸ್ಮಿತ್ ಮತ್ತು ಅವರ ಸ್ವಯಂಸೇವಕರ ಪಾಲಿಗೆ ಬಂತು. ನಾರ್ತ್ ಶೀಲ್ಡ್ಸ್ ಎಂಬ ಊರಿನ ಕಾರ್ಯಾಗಾರದಲ್ಲಿ ಅವರು ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದರು. ಮಡಚಿಹೋದ ಹಳೆಯ ತಗಡುಗಳನ್ನು ಎಸೆಯದೆ, ತಟ್ಟಿ ಹಿಗ್ಗಿಸಿ ನೇರಮಾಡಿ ಅವುಗಳ ಸ್ಥಾನದಲ್ಲಿಯೇ ಕೂರಿಸಿದರು. ಇಲ್ಲದ ಭಾಗಗಳನ್ನು ಹೊಸದಾಗಿ ಮಾಡಿದರು. ಇನ್ನೊಂದು ಆರ್ಫಿಯಸ್ ಎಂಜಿನ್ ತಂದು ಜೋಡಿಸಿದರು. 2018ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಲಾಕ್ ಫ್ಯಾಡ್ ಸರೋವರದಲ್ಲಿ, 51 ವರ್ಷಗಳ ಬಳಿಕ, ಕೆ7 ಮತ್ತೆ ನೀರಿನ ಮೇಲೆದ್ದು ಗಂಟೆಗೆ 100 ಮೈಲಿಗೂ ಮಿಕ್ಕ ವೇಗದಲ್ಲಿ ಓಡಿತು.

ಆ ಸಂತೋಷದ ಬೆನ್ನಿಗೇ ಕಲಹ ಬಂತು. ದಾನ ಪಡೆದ ಮ್ಯೂಸಿಯಂ, ದೋಣಿ ತನ್ನದು, ಕಾನಿಸ್ಟನ್‌ಗೆ ಬರಬೇಕು ಎಂದಿತು. ಸ್ಮಿತ್, ಹೊಸದಾಗಿ ಮಾಡಿದ ಭಾಗಗಳಲ್ಲಿ ತಮಗೆ ಹಕ್ಕುಂಟು, ದೋಣಿಯನ್ನು ಆಗಾಗ ಓಡಿಸಬೇಕು ಎಂದರು. ಎರಡೂ ಪಕ್ಷದ ಮಾತಿನಲ್ಲಿ ತಿರುಳಿತ್ತು. ಕೊಟ್ಟ ದಾನ ಪೂರ್ಣವಾಗಿರಬೇಕು. ಅರ್ಧ ದೋಣಿಯನ್ನು ದಾನ ಪಡೆದು ಯಾರು ಏನು ಮಾಡಬೇಕು? ಹಾಗೆಯೇ, ಸರೋವರದ ಕೆಸರಿನಲ್ಲಿದ್ದ ಲೋಹಕ್ಕೆ ಹಗಲಿರುಳು ದುಡಿದು ಆಕಾರ ಕೊಟ್ಟವರಿಗೆ ಅದರ ಮೇಲೆ ಏನೂ ಉಳಿಯಬಾರದೆ? ಮಾತುಕತೆಯಿಂದ ಬಗೆಹರಿಯದೆ ವಿಷಯ ಕಾನೂನಿನ ಹಾದಿ ಹಿಡಿಯಿತು. 2023ರಲ್ಲಿ ವ್ಯಾಜ್ಯ ಇತ್ಯರ್ಥವಾಗಿ ಸ್ಮಿತ್ ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟರು. 2024ರ ಮಾರ್ಚ್ 9ರಂದು ಕೆ7 ಕಾನಿಸ್ಟನ್‌ಗೆ ಮರಳಿತು. ಜನ ರಸ್ತೆಯ ಇಕ್ಕೆಲಗಳಲ್ಲಿ ನಿಂತು ಬರಮಾಡಿಕೊಂಡರು.

ರಸ್ಕಿನ್‌ರ ಎರಡು ಮಾತುಗಳು

ಈ ದೋಣಿ ನೆಲೆಗೊಂಡ ಮ್ಯೂಸಿಯಂನ ಹೆಸರಿನಲ್ಲಿ ಒಂದು ಅಪೂರ್ವ ವಿಪರ್ಯಾಸವಿದೆ. ಜಾನ್ ರಸ್ಕಿನ್ ಕಾನಿಸ್ಟನ್‌ನ ದಂಡೆಯಲ್ಲಿ ಬಾಳಿ, 1900ರಲ್ಲಿ ತೀರಿಕೊಂಡು, ಅದೇ ಹಳ್ಳಿಯಲ್ಲಿ ಮಣ್ಣಾದ ಚಿಂತಕ. ಅವರ ಒಂದು ಕೃತಿಯನ್ನು ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ ಗಾಂಧೀಜಿಯ ಬದುಕೇ ಮಾರ್ಪಟ್ಟಿತು. ‘ಸರ್ವೋದಯ’ ಎಂಬ ಹೆಸರಿನಲ್ಲಿ ಗಾಂಧೀಜಿ ಅದರ ಸಾರವನ್ನು ಗುಜರಾತಿಗೆ ತಂದದ್ದನ್ನು ನಮ್ಮ ವಾಚಕರು ಬಲ್ಲರು. ಅದೇ ರಸ್ಕಿನ್ 1849ರಲ್ಲಿ ವಾಸ್ತುಶಿಲ್ಪವನ್ನು ಕುರಿತು ಬರೆದ ಗ್ರಂಥದಲ್ಲಿ ಜೀರ್ಣೋದ್ಧಾರವನ್ನು ಕಟುವಾಗಿ ಖಂಡಿಸಿದ್ದರು. ಹಳೆಯ ಕಟ್ಟಡವನ್ನು ಮೊದಲಿನಂತೆ ಮಾಡುತ್ತೇವೆನ್ನುವುದು ಅಸಾಧ್ಯ. ಹಾಗೆ ಮಾಡಿದ್ದು ಹಳೆಯದರ ನಾಶವೇ ಸರಿ ಎಂಬುದು ಅವರ ಅಭಿಪ್ರಾಯ. ಅವರ ಹೆಸರಿನ ಮ್ಯೂಸಿಯಂನಲ್ಲಿ ಇಂದು ಇರುವುದು ಆ ದೇಶದಲ್ಲಿಯೇ ಬಹುಚರ್ಚಿತವಾದ ಒಂದು ಜೀರ್ಣೋದ್ಧಾರ!

ಆದರೆ ರಸ್ಕಿನ್‌ರ ಇನ್ನೊಂದು ಮಾತನ್ನೂ ಮರೆಯಬಾರದು. ಕಟ್ಟುವವನ ಕೈಗೆ, ಪ್ರೀತಿಯಿಂದ ಮಾಡಿದ ದುಡಿಮೆಗೆ ಅವರಷ್ಟು ಗೌರವ ಕೊಟ್ಟವರು ವಿರಳ. ಗಾಂಧೀಜಿ ಅವರಿಂದ ಕಲಿತದ್ದೂ ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಒಂದೇ ಬೆಲೆ ಎಂಬ ಪಾಠವನ್ನು. ಮೊದಲ ಮಾತು ಮ್ಯೂಸಿಯಂಗೆ ಎಚ್ಚರಿಕೆ ಹೇಳಿದರೆ, ಎರಡನೆಯದು ಕಾರ್ಯಾಗಾರದವರ ಪರವಾಗಿ ನಿಲ್ಲುತ್ತದೆ.

ನಮ್ಮ ಊರುಗಳ ತೇರನ್ನು ನೆನೆಯೋಣ. ಗಾಲಿ ಸವೆದಾಗ ಬಡಗಿ ಹೊಸ ಗಾಲಿ ಕೂಡಿಸುತ್ತಾನೆ. ಇನ್ನೊಂದು ತಲೆಮಾರಿನಲ್ಲಿ ಅಚ್ಚುಮರ ಬದಲಾಗುತ್ತದೆ; ಮತ್ತೊಂದರಲ್ಲಿ ಕೆತ್ತನೆಯ ಹಲಗೆ. ಆದರೂ ಅದು ಅಜ್ಜನ ಕಾಲದ ತೇರೇ. ಯಾಕೆಂದರೆ ಎಳೆಯುವ ಊರು ಅದೇ, ಸಾಗುವ ಬೀದಿ ಅದೇ. ಹೊಸ ಗಾಲಿ ನನ್ನದೆಂದು ಬಡಗಿ ಅದನ್ನು ಕಳಚಿ ಒಯ್ಯುವುದಿಲ್ಲ. ಊರೂ ಬಡಗಿಯನ್ನು ಮರೆಯುವುದಿಲ್ಲ. ರಥೋತ್ಸವದ ದಿನ ಅವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತದೆ. ಒಡೆತನವೂ ಕೃತಜ್ಞತೆಯೂ ಬೇರೆ ಬೇರೆ ಲೆಕ್ಕಗಳೆಂದು, ಎರಡನ್ನೂ ತೀರಿಸಬೇಕೆಂದು ಹಿಂದಿನವರು ಅರಿತಿದ್ದರು. ಕೆ7ರ ವಿಷಯದಲ್ಲಿ ಒಡೆತನದ ಲೆಕ್ಕ ಚುಕ್ತಾ ಆಗಿದೆ. ಕೃತಜ್ಞತೆಯ ಲೆಕ್ಕ ತೆರೆದೇ ಇದೆ. ಮ್ಯೂಸಿಯಂನ ಗಾಜಿನ ಮುಂದೆ ನಿಲ್ಲುವ ಪ್ರತಿಯೊಬ್ಬರೂ ಅದನ್ನು ತಮ್ಮ ಪಾಲಿಗೆ ತೀರಿಸಬೇಕಾಗಿದೆ.

ಉಪಸಂಹಾರ

ಕೆ7ರ ಒಡೆಯರ ಪಟ್ಟಿಯನ್ನು ಬರೆದರೆ ಅದು ಚಿಕ್ಕದು: ಡೊನಾಲ್ಡ್ ಕ್ಯಾಂಪ್‌ಬೆಲ್, ಅವನ ಕುಟುಂಬ, ಕಾನಿಸ್ಟನ್‌ನ ಮ್ಯೂಸಿಯಂ. ಅದನ್ನು ಉಳಿಸಿದವರ ಪಟ್ಟಿ ದೊಡ್ಡದು. ನಾರಿಸ್ ಸಹೋದರರು, ಲಿಯೊ ವಿಲ್ಲಾ, ಮುಳುಗಿ ಹುಡುಕಿದವರು, ತಗಡು ತಟ್ಟಿದವರು, ಶವಕ್ಕೆ ಹೆಗಲು ಕೊಟ್ಟವರು, ದಾರಿಯಲ್ಲಿ ನಿಂತು ಬರಮಾಡಿಕೊಂಡವರು. ಪತ್ರದಲ್ಲಿರುವ ಹೆಸರು ದಾಟುತ್ತ ಹೋಗುತ್ತದೆ. ಉಳಿಸಿದವರ ಕೈಗುರುತು ವಸ್ತುವಿನಲ್ಲಿಯೇ ಉಳಿಯುತ್ತದೆ.

ಈ ಚರಿತ್ರೆಯಿಂದ ಸಂಘ ಸಂಸ್ಥೆಗಳವರಾದ ನಾವು ಕಲಿಯಬೇಕಾದ ಒಂದು ವ್ಯವಹಾರದ ಪಾಠವೂ ಉಂಟು. ನಮ್ಮ ಮನೆಗಳಲ್ಲಿ, ಗ್ರಂಥಾಲಯಗಳಲ್ಲಿ, ಗುಡಿಗಳಲ್ಲಿ ಹಸ್ತಪ್ರತಿಗಳು, ವೇಷಭೂಷಣಗಳು, ವಾದ್ಯಗಳು, ಹಳೆಯ ಪತ್ರಿಕೆಗಳ ಸಂಪುಟಗಳು ಇವೆ. ಯಾರೋ ಕೊಟ್ಟದ್ದು, ಯಾರೋ ಹೊತ್ತು ತಂದದ್ದು, ಯಾರೋ ತಮ್ಮ ಖರ್ಚಿನಲ್ಲಿ ರಟ್ಟು ಕಟ್ಟಿಸಿದ್ದು. ಕೊಡುವಾಗ ಎಲ್ಲರ ಮನಸ್ಸೂ ತುಂಬಿರುತ್ತದೆ; ಬರವಣಿಗೆ ಯಾರಿಗೂ ಬೇಕೆನಿಸುವುದಿಲ್ಲ. ಕೊಟ್ಟವರು ಏನನ್ನು ಕೊಟ್ಟರು, ದುಡಿದವರಿಗೆ ಏನು ಸಲ್ಲಬೇಕು, ವಸ್ತು ಎಲ್ಲಿರಬೇಕು ಎಂಬುದನ್ನು ಪ್ರೀತಿ ಇರುವಾಗಲೇ ಬರೆದಿಡುವುದು ಒಳ್ಳೆಯದು. ಕಾನಿಸ್ಟನ್‌ನವರು ತಮ್ಮ ನೀಲಿ ಹಕ್ಕಿಗಾಗಿ ಒಮ್ಮೆ ಸರೋವರದ ಮುಂದೆ 34 ವರ್ಷ ಕಾದರು. ದಾನದ ಬಳಿಕ ಅದು ಮನೆ ಸೇರಲು ಮತ್ತೆ 17 ವರ್ಷ ಕಾಯಬೇಕಾಯಿತು. ಮೊದಲ ಕಾಯುವಿಕೆಗೆ ವಿಧಿ ಕಾರಣ. ಎರಡನೆಯದರ ಬಹುಭಾಗವನ್ನು ಒಂದು ಸ್ಪಷ್ಟವಾದ ಕಾಗದ ಕಡಿಮೆ ಮಾಡಬಹುದಿತ್ತು.